ಬಲಹೀನರ ಸಾಕ್ಷಿ

ನಮ್ಮ ಅತ್ತೆ ನಾಲ್ಕು ಜನರ ಮುಂದೆ ನಿಂತು ಮಾತಾಡಿದ್ದನ್ನು ನಾವು ಮೊದಲ ಸಲ ಕಂಡದ್ದು ಆವನಿ ಹೋಬಳಿಯ ಒಂದು ಶೀಟಿನ ಮನೆಯಲ್ಲಿ. ಅದು ಪ್ರಾರ್ಥನೆ ಮನೆ. ಗೋಡೆಗೆ ಬಣ್ಣದಲ್ಲಿ ಬರೆದ ಶಿಲುಬೆ, ಕೆಳಗೆ ಚಾಪೆ. ಮೂವತ್ತು ನಲವತ್ತು ಜನ ಇದ್ದರು. ಬಹುಪಾಲು ಹೆಂಗಸರು, ಬಹುಪಾಲು ಕೇರಿಯವರು, ಟೊಮೆಟೊ ತೋಟದ ಕೂಲಿ ಮುಗಿಸಿ ಬಂದವರು. ನಾವು ಕ್ರೈಸ್ತರಲ್ಲ. ಅತ್ತೆಯನ್ನು ಗಾಡಿಯಲ್ಲಿ ಬಿಡಲು ಹೋದವರು ಬಾಗಿಲ ಹೊರಗೇ ನಿಂತಿದ್ದೆವು. "ಸಾಕ್ಷಿ ಹೇಳೋರು ಎದ್ದು ನಿಲ್ಲಿ" ಅಂದರು ಪಾಸ್ಟರು. ಅತ್ತೆ ಎದ್ದಳು.

ಊರ ಯಜಮಾನರು ಎದುರಿಗೆ ಬಂದರೆ ಇವತ್ತಿಗೂ ಪಕ್ಕಕ್ಕೆ ಸರಿದು ನಿಲ್ಲುವ ಹೆಂಗಸು ಅವಳು. "ನನ್ನ ಸೊಂಟ ಬಿದ್ದೋಗಿತ್ತು, ಪ್ರಾರ್ಥನೆ ಮಾಡಿದ ಮೇಲೆ ಎದ್ದು ಓಡಾಡ್ತಾ ಇದ್ದೀನಿ" ಅಂದಳು. ಎಲ್ಲರೂ ಸ್ತೋತ್ರ ಅಂದರು. ಅವಳು ಕೂರಲಿಲ್ಲ. "ಸೊಂಟ ಯಾಕೆ ಬಿತ್ತು ಅಂದ್ರೆ, ಸರ್ಕಾರ ನಮ್ಮ ಮಾವನಿಗೆ ಒಂದೂವರೆ ಎಕರೆ ಕೊಟ್ಟಿತ್ತು. ಅದು ಸಾಲದಲ್ಲಿ ಹೋಯ್ತು. ಅದೇ ಜಮೀನಲ್ಲಿ ನಾನು ಇಪ್ಪತ್ತು ವರ್ಷ ಕೂಲಿಗೆ ಬಗ್ಗಿದೀನಿ" ಅಂದಳು. ಈ ಸಲ ಯಾರೂ ಸ್ತೋತ್ರ ಅನ್ನಲಿಲ್ಲ. ಪಾಸ್ಟರು ಮೆಲ್ಲಗೆ, "ಅಮ್ಮಾ, ನಿನ್ನ ಬಲಹೀನತೆಯೇ ನಿನ್ನ ಬಲ. ಭೂಮಿ ಮೇಲಿನದಕ್ಕೆ ಆಸೆ ಪಡಬೇಡ. ತಾಳಿಕೋ" ಅಂದು ಹಾಡು ಶುರು ಮಾಡಿದರು.

ಅವಳದೊಂದು ಮಾತು, ಅವರದೊಂದು ಮಾತು. ಎರಡೂ ಒಂದೇ ನಂಬಿಕೆಯ ಹೊಟ್ಟೆಯಿಂದ ಬಂದವು. ಒಂದು ಬಾಯಿ ತೆರೆಯಿತು, ಇನ್ನೊಂದು ಬಾಯಿ ಮುಚ್ಚಿಸಿತು. ಬಲಹೀನತೆಯಲ್ಲಿ ಬಲ ಕಾಣುವುದು ಎಂದರೆ ಇವೆರಡರಲ್ಲಿ ಯಾವುದು? ನಮಗೆ ಇದು ಬರೀ ಧರ್ಮಶಾಸ್ತ್ರದ ಪ್ರಶ್ನೆಯಲ್ಲ. ನೋವನ್ನೇ ಬಂಡವಾಳ ಮಾಡಿಕೊಂಡು ಕವಿತೆ ಬರೆಯುವ ನಾವೂ ಇದಕ್ಕೆ ಉತ್ತರ ಕೊಡಬೇಕು.

ಏಟುಗಳ ಪಟ್ಟಿ

ಪಾಸ್ಟರು ಹೇಳಿದ ಮಾತಿನ ಮೂಲ ಹುಡುಕಿದೆವು. ಪೌಲ ಎಂಬುವನು ಕೊರಿಂಥ ಪಟ್ಟಣದವರಿಗೆ ಬರೆದ ಎರಡನೆಯ ಪತ್ರದಲ್ಲಿ ಅದಿದೆ. ಕ್ರಿ.ಶ. 55ರ ಆಸುಪಾಸಿನ ಕಾಗದ. ನಾವು ಅದನ್ನು ದೇವರ ವಾಕ್ಯವೆಂದು ಓದಲಿಲ್ಲ. ಮೈತುಂಬ ಬಾಸುಂಡೆ ಇದ್ದ ಮನುಷ್ಯನೊಬ್ಬ ಸಿಟ್ಟಿನಲ್ಲಿ ಬರೆದ ಬರಹವೆಂದು ಓದಿದೆವು. ಹಾಗೆ ಓದಿದಾಗ ಅದು ನಮಗೆ ಹತ್ತಿರವಾಯಿತು.

ಕೊರಿಂಥ ಹೊಸ ದುಡ್ಡಿನ ಊರು. ಕ್ರಿ.ಪೂ. 146ರಲ್ಲಿ ರೋಮನ್ನರು ಅದನ್ನು ನೆಲಸಮ ಮಾಡಿದ್ದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ಕಟ್ಟಿಸಿದ. ಅಲ್ಲಿ ಬಂದು ನೆಲೆಸಿದವರಲ್ಲಿ ಬಿಡುಗಡೆಯಾದ ಗುಲಾಮರು ಬಹಳ. ನಿನ್ನೆ ಗುಲಾಮನಾಗಿದ್ದವನ ಮೊಮ್ಮಗ ಇವತ್ತು ಸಾಹುಕಾರ. ಇಂಥ ಊರಲ್ಲಿ ಎಲ್ಲರಿಗೂ ದೊಡ್ಡಸ್ತಿಕೆ ತೋರಿಸುವ ಹಸಿವು. ಅಲ್ಲಿಗೆ ಶಿಫಾರಸು ಪತ್ರ ಹಿಡಿದು, ಚೆನ್ನಾಗಿ ಭಾಷಣ ಮಾಡುವ ಬೋಧಕರು ಬಂದರು. ಅವರು ಪೌಲನನ್ನು ಹಂಗಿಸಿದ ರೀತಿಯನ್ನು ನಮ್ಮ ಮಾತಲ್ಲಿ ಹೇಳುವುದಾದರೆ, ಕಾಗದದಲ್ಲಿ ಹುಲಿ, ಎದುರಿಗೆ ಬಂದರೆ ಇಲಿ. ಅದೂ ಅಲ್ಲದೆ ಅವನು ಡೇರೆ ಹೊಲಿಯುವ ಕಸುಬಿನವನು. ಕೈಕೆಲಸ ಮಾಡಿ ಉಣ್ಣುವವನು ಎಂಥಾ ಗುರು ಅನ್ನುವ ತಾತ್ಸಾರ ಆ ಕಾಲದ ದೊಡ್ಡವರಲ್ಲಿ ಇತ್ತು. ಕಸುಬಿನ ವಾಸನೆ ಹಿಡಿದು ಮನುಷ್ಯನನ್ನು ಅಳೆಯುವುದು ನಮ್ಮೂರಲ್ಲಿ ಮಾತ್ರ ಹುಟ್ಟಿದ ರೋಗವಲ್ಲ.

ಇದಕ್ಕೆ ಪೌಲ ಏನು ಮಾಡಿದ? ತನ್ನ ಬಿರುದುಗಳ ಪಟ್ಟಿ ಕೊಡುವ ಜಾಗದಲ್ಲಿ ತಿಂದ ಏಟುಗಳ ಪಟ್ಟಿ ಕೊಟ್ಟ. ಐದು ಸಲ ಒಂದು ಕಡಿಮೆ ನಲವತ್ತು ಚಾಟಿ ಏಟು. ಮೂರು ಸಲ ದೊಣ್ಣೆ ಏಟು. ಒಂದು ಸಲ ಕಲ್ಲೇಟು. ಮೂರು ಸಲ ಹಡಗು ಒಡೆದದ್ದು. ಹಸಿವು, ಚಳಿ, ಬಟ್ಟೆಯಿಲ್ಲದ ರಾತ್ರಿ. ಪಟ್ಟಿಯ ಕೊನೆಗೆ, ದಮಸ್ಕ ಊರಲ್ಲಿ ರಾಜನ ಅಧಿಕಾರಿ ಹಿಡಿಯಲು ಬಂದಾಗ ಗೋಡೆಯ ಕಿಟಕಿಯಿಂದ ಬುಟ್ಟಿಯಲ್ಲಿ ಕೂತು ಇಳಿದು ಓಡಿಹೋದ ಕತೆ. ಶತ್ರುವಿನ ಕೋಟೆಗೋಡೆಯನ್ನು ಎಲ್ಲರಿಗಿಂತ ಮೊದಲು ಹತ್ತಿದ ಸೈನಿಕನಿಗೆ ರೋಮ್ ಕಿರೀಟ ಕೊಡುತ್ತಿತ್ತು. ಗೋಡೆ ಹತ್ತಿದ ವೀರರ ಮುಂದೆ ನಿಂತು, ನಾನು ಗೋಡೆ ಇಳಿದು ಓಡಿದವನು ಅಂತ ಎದೆ ತಟ್ಟಿ ಹೇಳುವುದಿದೆಯಲ್ಲ, ಅದು ಸಾಧುವಿನ ದೈನ್ಯವಲ್ಲ. ಬಲ ಎಂದರೇನು ಎಂದು ಊರ ದೊಡ್ಡವರು ಮಾಡಿಟ್ಟ ಅಳತೆಗೋಲನ್ನೇ ಮುರಿಯುವ ವ್ಯಂಗ್ಯ.

ಇದಾದ ಮೇಲೆ ಅವನು ತನ್ನ ಮೈಯಲ್ಲಿ ನಾಟಿಕೊಂಡ ಶೂಲದ ಮಾತು ಎತ್ತುತ್ತಾನೆ. ತೆಗೆದುಹಾಕು ಅಂತ ಮೂರು ಸಲ ಬೇಡಿದ. ತೆಗೆಯಲಿಲ್ಲ. ಬಲಹೀನತೆಯಲ್ಲೇ ಬಲ ತುಂಬಿಕೊಳ್ಳುತ್ತದೆ ಎಂಬ ಅರ್ಥದ ಉತ್ತರ ಬಂತು. ಗಮನಿಸಬೇಕು ಗೆಳೆಯರೇ, ಆ ಉತ್ತರ ಬಂದದ್ದು ಅವನಿಗೆ, ಅವನ ಮೈಯ ನೋವಿನ ಬಗ್ಗೆ. ತನ್ನ ಗಾಯದ ಬಗ್ಗೆ ತಾನೇ ಆಡಿದ ಮಾತು ಅದು, ಅದೂ ಬಲಾಢ್ಯರ ಎದುರಿಗೆ. ಬಡವರ ಜಮೀನು ಹೋದಾಗ ಬಡವರಿಗೆ ಉಪದೇಶಿಸಲು ಆಡಿದ್ದಲ್ಲ. ಅದೇ ಪತ್ರದ ನಡುವೆ ಎರಡು ಅಧ್ಯಾಯ ಪೂರ್ತಿ ಜೆರುಸಲೇಮಿನ ಬಡವರಿಗೆ ಹಣ ಕೂಡಿಸಿ ಕೊಡಿ ಎಂಬ ಒತ್ತಾಯ ಇದೆ. ಇದ್ದವರದು ಇಲ್ಲದವರಿಗೆ ಹರಿದು ಸಮಾನವಾಗಬೇಕು ಎಂಬುದು ಅಲ್ಲಿನ ವಾದ. ಇದಕ್ಕೂ ಮೊದಲು ಬರೆದ ಪತ್ರದಲ್ಲಿ, ಸಭೆಯ ಊಟಕ್ಕೆ ಉಳ್ಳವರು ಮುಂಚೆ ಬಂದು ಉಂಡು ಕುಡಿದು, ಇಲ್ಲದವರು ಹಸಿದು ಕೂರುವುದನ್ನು ಕಂಡು ಅವನು ಉಗಿದಿದ್ದಾನೆ. ಭೂಮಿ ಮೇಲಿನದಕ್ಕೆ ಆಸೆ ಪಡಬೇಡ ಎಂದು ಅತ್ತೆಯ ಬಾಯಿ ಮುಚ್ಚಿಸಲು ಈ ಪತ್ರ ಒದಗುವುದಿಲ್ಲ.

ಹಾಗಂತ ಪೌಲನನ್ನು ನಾವು ತಲೆ ಮೇಲೆ ಹೊತ್ತುಕೊಳ್ಳುವುದಿಲ್ಲ. ಹೆಂಗಸರು ಸಭೆಯಲ್ಲಿ ಸುಮ್ಮನಿರಲಿ ಎಂಬ ಮಾತೂ ಅವನ ಪತ್ರದಲ್ಲೇ ಇದೆ. ಅತ್ತೆ ಎದ್ದು ಸಾಕ್ಷಿ ಹೇಳಿದಾಗ ಅವಳು ಪೌಲನ ಒಂದು ಮಾತನ್ನು ಹಿಡಿದು ಇನ್ನೊಂದು ಮಾತನ್ನು ಮುರಿದಳು. ಶಾಸ್ತ್ರವನ್ನು ಕೇರಿ ಓದುವುದೇ ಹಾಗೆ.

ಕಾಯಿಲೆ ಯಾರದು

ಮತಾಂತರಗೊಂಡವರ ಸ್ಥಿತಿಯ ಬಗ್ಗೆ ಬಾಬಾಸಾಹೇಬರು ಬರೆದದ್ದನ್ನು ಇಲ್ಲಿ ನೆನೆಯಬೇಕು. ಮನುಷ್ಯನ ಪತನಕ್ಕೆ ಅವನ ಪಾಪವೇ ಕಾರಣ ಎಂದು ಕಲಿಸಿದರು, ಕೆಟ್ಟ ಸಾಮಾಜಿಕ ಪರಿಸರ ಕಾರಣ ಎಂದು ಕಲಿಸಲಿಲ್ಲ. ಆದ್ದರಿಂದ ಹೊಸ ಕ್ರೈಸ್ತನಿಗೆ ಅನ್ಯಾಯದ ಮೇಲೆ ಎರಗುವ ಕಸುವು ಬರಲಿಲ್ಲ ಎಂಬುದು ಅವರ ವಿಮರ್ಶೆಯ ತಿರುಳು. ಕರ್ಮ ಎಂಬ ಹಳೇ ಗೋಡೆಗೆ ಪಾಪ ಎಂಬ ಸುಣ್ಣ ಬಳಿದರೆ ಗೋಡೆ ಬೀಳುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬುದ್ಧನ ಕಡೆ ನಡೆದರು. ಆ ನಡೆ ನಮ್ಮದೂ ಹೌದು.

ಆದರೆ ಕೋಲಾರದ ನೆಲ ಇನ್ನೂ ಒಂದು ಮಾತು ಹೇಳುತ್ತದೆ. 1876ರಿಂದ 78ರ ಬರಗಾಲದಲ್ಲಿ ಮೈಸೂರು ಸಂಸ್ಥಾನ ಹೆಣಗಳ ಸೀಮೆಯಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರ ಹೊತ್ತಿಗೆ 42 ಲಕ್ಷದೊಳಕ್ಕೆ ಇಳಿದರು. ಆ ಹೊತ್ತಿನಲ್ಲಿ ಲೂಯಿಸಾ ಆನ್‌ಸ್ಟಿ ಎಂಬ ಮಿಷನರಿ ಹೆಂಗಸು ಕೋಲಾರದಲ್ಲಿ ಬರದ ಅನಾಥ ಮಕ್ಕಳನ್ನು ಸಾಕಿದಳು. 1890ರಲ್ಲಿ ಆ ಕೆಲಸ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನ ಕೈಗೆ ಬಂತು. 1910ರಲ್ಲಿ ಅವರ ಆಸ್ಪತ್ರೆ ಎದ್ದಿತು, ಇ.ಟಿ.ಸಿ.ಎಂ. ಆಸ್ಪತ್ರೆ ಎಂದರೆ ಕೋಲಾರ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಿಷನ್ನಿನ ಹಿಂದೆ ಸಾಮ್ರಾಜ್ಯದ ನೆರಳಿತ್ತು ಎಂಬುದನ್ನು ನಾವು ಮರೆತಿಲ್ಲ. ಆದರೆ ಯಾರೂ ಎತ್ತಿಕೊಳ್ಳದ ಮಗುವನ್ನು ಎತ್ತಿಕೊಂಡ ಕೈಯನ್ನು ಇಲ್ಲವೆನ್ನುವುದು ಕೃತಘ್ನತೆ. ಅಕ್ಷರವೂ ಔಷಧಿಯೂ ಕೇರಿಯ ಎಷ್ಟೋ ಮನೆಗಳಿಗೆ ಈ ಬಾಗಿಲಿಂದಲೇ ಬಂದವು.

ನಮ್ಮ ತಕರಾರು ಬೇರೆ. ಎತ್ತಿಕೊಂಡ ಮೇಲೆ ಮಗು ಮಾತು ಕಲಿಯಬೇಕು. ಯಾಕೆ ಹಸಿದೆ, ಯಾರ ಕಣಜ ತುಂಬಿತ್ತು ಎಂದು ಕೇಳಬೇಕು. ಬಲಹೀನನಿಗೆ ಅನ್ನ ಕೊಡುವುದು ಕರುಣೆ. ಬಲಹೀನನ ಬಾಯಿಂದ ಕೇಳುವುದು ನ್ಯಾಯ. ಕರುಣೆ ಎಷ್ಟೇ ದೊಡ್ಡದಾದರೂ ನ್ಯಾಯದ ಜಾಗ ತುಂಬುವುದಿಲ್ಲ.

ಈ ಕೇಳುವ ಬಲ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಚಿನ್ನದ ಗಣಿಯೇ ಉದಾಹರಣೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರು ಮಾಡಿದ ಕೆ.ಜಿ.ಎಫ್.ನಲ್ಲಿ ಆಳಕ್ಕೆ ಇಳಿದವರು ಬಹುಪಾಲು ತಮಿಳು ಆದಿದ್ರಾವಿಡರು. ಅವರಲ್ಲಿ ಕ್ರೈಸ್ತರಿದ್ದರು, ಊರದೇವರಿಗೆ ನಡೆದುಕೊಳ್ಳುವವರಿದ್ದರು, ಅಯೋತಿದಾಸರ ಹಾದಿ ಹಿಡಿದ ಬೌದ್ಧರಿದ್ದರು. 1930ರಲ್ಲಿ ಕಂಪನಿ ಕೂಲಿಗಳ ಬೆರಳಚ್ಚು ತೆಗೆದು ದಾಖಲೆ ಮಾಡಹೊರಟಿತು. ನಾವೇನು ಕಳ್ಳರೇ ಎಂದು ಅವರು ಕೆಲಸ ನಿಲ್ಲಿಸಿದರು. ಅವರ ಕೈಯಲ್ಲಿ ಏನೂ ಇರಲಿಲ್ಲ. ಕೊಡುವುದಿಲ್ಲ ಎಂದು ಹಿಂದಕ್ಕೆ ಎಳೆದುಕೊಂಡ ಬೆರಳು ಮಾತ್ರ ಇತ್ತು. ಒಬ್ಬನೇ ಎಳೆದುಕೊಂಡಿದ್ದರೆ ಹೊರಗೆ ಹಾಕುತ್ತಿದ್ದರು. ಸಾವಿರಾರು ಬೆರಳು ಒಟ್ಟಿಗೆ ಹಿಂದೆ ಸರಿದಾಗ ಅದು ಬಲವಾಯಿತು. 2001ರಲ್ಲಿ ಗಣಿ ಮುಚ್ಚಿತು. ಈ ಪಾಠ ಮುಚ್ಚಿಲ್ಲ.

ಬೆಟ್ಟದ ಮೇಲಿನವಳು

ಕನ್ನಡ ಸಾಹಿತ್ಯ ಶಿಲುಬೆಯನ್ನು ಹೇಗೆ ಕಂಡಿದೆ? ಮಂಜೇಶ್ವರದ ಗೋವಿಂದ ಪೈ ಅವರ 'ಗೊಲ್ಗೊಥಾ' ಯೇಸುವಿನ ಕಡೆಯ ದಿನವನ್ನು ಕುರಿತ ಖಂಡಕಾವ್ಯ. ಬುದ್ಧನ ಕಡೆಯ ದಿನವನ್ನು ಕುರಿತು ಅವರೇ 'ವೈಶಾಖಿ' ಬರೆದರು. ತಮ್ಮ ಧರ್ಮದ ಗಡಿ ದಾಟಿ, ಮರಣದಂಡನೆಗೆ ಗುರಿಯಾದ ಬಡವನೊಬ್ಬನನ್ನು ಕನ್ನಡ ಕಾವ್ಯದ ನಾಯಕನನ್ನಾಗಿ ಮಾಡಿದ್ದು ಸಣ್ಣ ಕೆಲಸವಲ್ಲ. ಆದರೆ ನಮ್ಮಂಥವರು, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು, ಆ ಕಾವ್ಯವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಬೇಕಾಯಿತು. ಸಂಸ್ಕೃತವೂ ಹಳಗನ್ನಡವೂ ಹೆಣೆದ ಬಿಗಿಯಾದ ಭಾಷೆ. ಶಿಲುಬೆ ರೋಮಿನಲ್ಲಿ ಗುಲಾಮರಿಗೂ ದಂಗೆಕೋರರಿಗೂ ಮೀಸಲಾಗಿದ್ದ ಸಾವು, ಬಟ್ಟೆ ಬಿಚ್ಚಿ ದಾರಿಬದಿಯಲ್ಲಿ ನೇತುಹಾಕುವ ಅವಮಾನ. ಆ ಬತ್ತಲೆಗೆ ಇಲ್ಲಿ ಜರಿಯ ಮಾತು ಹೊದಿಸಿದಂತಿದೆ. ಪಂಡಿತರ ಬಲವಾದ ಭಾಷೆ ಬಲಹೀನನ ಕತೆ ಹೇಳಿದೆ; ಬಲಹೀನನ ಬಾಯಿ ನಮಗೆ ಅಲ್ಲಿ ಕೇಳಿಸಲಿಲ್ಲ. ಅತ್ತೆಯ ಎರಡು ವಾಕ್ಯದಲ್ಲಿ ಕೇಳಿಸಿತು.

ನಮ್ಮೂರ ಬೆಟ್ಟದ ಕತೆಯನ್ನೂ ಇದೇ ಒರೆಗೆ ಹಚ್ಚಬೇಕು. ಆವನಿಯಲ್ಲಿ ಕೆಳಗೆ ರಾಮಲಿಂಗೇಶ್ವರನ ಗುಡಿಗಳಿವೆ, ನೊಳಂಬರ ಕಾಲದವು. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿಗೆ ಒಂದೊಂದು ಲಿಂಗ. ಬೆಟ್ಟದ ಮೇಲೆ ಸೀತೆಯ ಗುಡಿ. ವಾಲ್ಮೀಕಿ ಆಶ್ರಮ ಇಲ್ಲೇ ಇತ್ತು, ಬಸುರಿ ಸೀತೆಯನ್ನು ಕಾಡಿಗೆ ಬಿಟ್ಟಾಗ ಅವಳು ಇಲ್ಲೇ ಲವಕುಶರನ್ನು ಹೆತ್ತಳು, ಮಕ್ಕಳ ಮೇಲೇ ಯುದ್ಧ ಮಾಡಿದ ಪಾಪಕ್ಕೆ ಅಣ್ಣತಮ್ಮಂದಿರು ಕೆಳಗೆ ಲಿಂಗ ಇಟ್ಟರು ಎಂದು ಜನ ಹೇಳುತ್ತಾರೆ. ಪುರಾಣ ಸತ್ಯವೋ ಸುಳ್ಳೋ, ಜನ ಅದನ್ನು ಜೋಡಿಸಿದ ಬಗೆ ನೋಡಿ. ಹೊರಗೆ ಹಾಕಿಸಿಕೊಂಡವಳು ಮೇಲೆ. ಹೊರಗೆ ಹಾಕಿದವರು ಕೆಳಗೆ, ಪ್ರಾಯಶ್ಚಿತ್ತದಲ್ಲಿ. ಮಕ್ಕಳಿಲ್ಲದ ಹೆಂಗಸರು ಹರಕೆ ಹೊರುವುದು ಮೇಲಿನವಳಿಗೆ.

ಆದರೆ ಅದೇ ಸೀತೆಯ ಹೆಸರು ಅತ್ತೆಮನೆಗೆ ಹೋದ ಹೆಣ್ಣುಮಗಳಿಗೆ ಏನು ಹೇಳುತ್ತದೆ? ಸೀತಮ್ಮನಂಥವಳೇ ತಾಳಿಕೊಂಡಳು, ನಿಂದೇನು ದೊಡ್ಡದು. ಮತ್ತೆ ಅದೇ ತಾಳಿಕೋ. ಬೆಟ್ಟದ ಮೇಲಿದ್ದಾಗ ಸೀತೆ ಬಲ, ಗಂಡಸರ ಬಾಯಿಗೆ ಬಂದಾಗ ಬೀಗ. ಯೇಸುವಿನ ಕತೆಯೂ ಅಷ್ಟೇ. ಇದು ಒಂದು ಧರ್ಮದ ದೋಷವಲ್ಲ. ಬಲಹೀನನ ಮಾತನ್ನು ಬಲವಂತರು ಕಸಿದುಕೊಂಡು ಅವನಿಗೇ ತಿರುಗಿ ಬೋಧಿಸುವ ಹುನ್ನಾರ ಎಲ್ಲ ಧರ್ಮದಲ್ಲೂ ಒಂದೇ.

ಎರಡು ಸಾಕ್ಷಿಗಳು

ಸಾಕ್ಷಿ ಎಂಬ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಅರ್ಥವಿದೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಊರು ಚಿಂತಾಮಣಿ ತಾಲ್ಲೂಕಿನದು, ಆಗ ಕೋಲಾರ ಜಿಲ್ಲೆಗೆ ಸೇರಿತ್ತು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ನ್ಯಾಯಾಲಯದಲ್ಲಿ ಪ್ರತಿಕೂಲವಾಗಿ ತಿರುಗಿದ್ದರು.

ನಾವು ಆ ಸಾಕ್ಷಿಗಳನ್ನು ದೂರುವುದಿಲ್ಲ. ಸುಟ್ಟ ಊರಲ್ಲೇ ಮತ್ತೆ ಬದುಕಬೇಕಾದವನ ನಾಲಿಗೆ ಬಿದ್ದುಹೋಗುವುದು ಅವನ ತಪ್ಪಲ್ಲ. ಬಲಹೀನತೆ ತನ್ನಷ್ಟಕ್ಕೆ ತಾನೇ ಬಲವಲ್ಲ ಎಂಬುದಕ್ಕೆ ಕಂಬಾಲಪಲ್ಲಿ ಪುರಾವೆ. ಅಲ್ಲಿ ಬಲಹೀನತೆ ಬರೀ ಬಲಹೀನತೆಯಾಗಿ, ಬೂದಿಯಾಗಿ ಉಳಿಯಿತು. ಹಾಗಾದರೆ ಚಾಪೆಯ ಮೇಲೆ ಎದ್ದು ನಿಂತ ಅತ್ತೆಗೆ ಬಾಯಿ ಬಂದದ್ದು ಹೇಗೆ? ಸುತ್ತ ತನ್ನಂಥವರೇ ಮೂವತ್ತು ಜನ ಕೂತಿದ್ದರು. ಹೇಳಿದ್ದಕ್ಕೆ ಅಲ್ಲಿ ಯಾರೂ ಹೊಡೆಯುವುದಿಲ್ಲ. ಹೇಳುವುದೇ ಅಲ್ಲಿ ದೇವರ ಕೆಲಸ. ಕ್ರೈಸ್ತ ನಂಬಿಕೆಯ ಬಲ ಇರುವುದು ಇಲ್ಲಿ ಎಂದು ನಮಗೆ ತೋರಿತು. ನೋವು ಒಳ್ಳೆಯದು ಎಂಬ ಸಿದ್ಧಾಂತದಲ್ಲಿ ಅದಿಲ್ಲ. ನೋವನ್ನು ನಾಲ್ಕು ಜನರೊಳಗೆ ನಾಚಿಕೆಯಿಲ್ಲದೆ ಹೇಳಬಹುದು ಎಂಬ ಪದ್ಧತಿಯಲ್ಲಿದೆ. ಪೌಲನ ಏಟಿನ ಪಟ್ಟಿಯೂ ಇದೇ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಸಾಕ್ಷಿ ಎಂಬುದಕ್ಕಿದ್ದ ಪದವೇ ಮುಂದೆ ಹುತಾತ್ಮ ಎಂಬ ಅರ್ಥಕ್ಕೂ ತಿರುಗಿತು. ಹೇಳಿದವರನ್ನು ಆಳುವವರು ಬಿಡಲಿಲ್ಲ ಎಂದಾಯಿತು.

ಆದರೆ ಚಾಪೆಯ ಮೇಲಿನ ಸಾಕ್ಷಿ ಅಲ್ಲೇ ಮುಗಿದರೆ ಅದು ಅರ್ಧ ಸಾಕ್ಷಿ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ, ಮಾಡಿದ್ದರೆ ವಾಪಸ್ಸು ಕೊಡಿಸಬೇಕು ಎಂದು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಹೇಳುತ್ತದೆ. ತಡವಾಗಿ ಬಂದಿರಿ ಎಂದು ಅರ್ಜಿಗಳು ಬಿದ್ದುಹೋಗುತ್ತಿದ್ದುದರಿಂದ 2023ರಲ್ಲಿ ಕಾಲಮಿತಿಯ ಅಡ್ಡಿ ತೆಗೆಯುವ ತಿದ್ದುಪಡಿಯೂ ಬಂತು. ಅತ್ತೆಯ ಮಾತಿಗೆ ಹೋಗಬೇಕಾದ ಇನ್ನೊಂದು ಬಾಗಿಲು ಇದು.

ಇಲ್ಲೊಂದು ಗೂಟ ಇದೆ. ಅತ್ತೆ ಐದು ವರ್ಷದಿಂದ ಪ್ರಾರ್ಥನೆಗೆ ಹೋಗುತ್ತಾಳೆ, ದೀಕ್ಷಾಸ್ನಾನ ತಗೊಂಡಿಲ್ಲ. ಯಾಕೆ ಅಂತ ಕೇಳಿದೆವು. "ತಗೊಂಡ್ರೆ ನಿಮ್ಮ ಮಾವನ ಕಾಗದಕ್ಕೆ ಏನಾಗ್ತದೋ ನೋಡಪ್ಪಾ" ಅಂದಳು. ಅವಳ ಭಯಕ್ಕೆ ಬುಡವಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳನ್ನು ಮಾತ್ರ ಪರಿಶಿಷ್ಟರೆಂದು ಒಪ್ಪಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. 2007ರಲ್ಲಿ ರಂಗನಾಥ ಮಿಶ್ರ ಆಯೋಗ ಈ ಧರ್ಮದ ಷರತ್ತು ತೆಗೆಯಿರಿ ಎಂದಿತ್ತು. ದೇವರು ಬದಲಾದ ತಕ್ಷಣ ಟೀ ಅಂಗಡಿಯ ಬೇರೆ ಲೋಟ ಮಾಯವಾಗುತ್ತದೆಯೇ? ಕಾಗದದ ಮೇಲೆ ಜಾತಿ ಅಳಿಸಿದರೆ ಊರವರ ಕಣ್ಣಲ್ಲಿ ಅಳಿಯುತ್ತದೆಯೇ? ಒಂದು ಕಡೆ ಸಾಕ್ಷಿ ಹೇಳಲು ಇನ್ನೊಂದು ಕಡೆ ಬಚ್ಚಿಟ್ಟುಕೊಳ್ಳಬೇಕಾದ ಸ್ಥಿತಿಯಲ್ಲಿ ಅವಳನ್ನು ಇಟ್ಟದ್ದು ಕಾನೂನು.

ಚರ್ಚಿನೊಳಗೂ ಜಾತಿ ಸತ್ತಿಲ್ಲ. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಹೆಣಕ್ಕೂ ಮಿಕ್ಕವರ ಹೆಣಕ್ಕೂ ನಡುವೆ ಗೋಡೆ ಎದ್ದದ್ದು ಎಲ್ಲರಿಗೂ ಗೊತ್ತಿರುವ ಕತೆ. 2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನ ತನ್ನ ದಲಿತ ನೀತಿಯಲ್ಲಿ ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿತು. ಬಲಹೀನತೆಯನ್ನು ಒಪ್ಪಿಕೊಳ್ಳುವ ಬೋಧನೆಯನ್ನು ಬೋಧಕರು ತಮಗೇ ಅನ್ವಯಿಸಿಕೊಂಡ ಅಪರೂಪದ ಗಳಿಗೆ ಅದು. ತಾಳಿಕೋ ಎನ್ನುವ ಮುಂಚೆ ಒಪ್ಪಿಕೋ ಎಂಬುದನ್ನು ಮೇಲಿನವರು ಕಲಿಯಲಿ.

ನಮ್ಮ ಪಾಲಿನ ತಪ್ಪು

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ಕ್ರೈಸ್ತ ಚಿಂತನೆಗೆ ಹೊಸ ದಿಕ್ಕು ಸಿಕ್ಕಿತು. ಯೇಸುವೇ ದಲಿತ, ನೋವಿನ ಒಳಗಿಂದಲೇ ದೇವರನ್ನು ಅರಿಯುವುದು ಎಂಬುದು ಅವರು ಕಟ್ಟಿದ ವಿಚಾರ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದ ಅದೇ ಊರು, ಹೆಚ್ಚುಕಡಿಮೆ ಅದೇ ಹೊತ್ತು. ನೋವು ಮೊದಲು, ಕ್ರಿಯೆ ಆಮೇಲೆ ಎಂಬ ಅವರ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಆಮೇಲಿನದು ಬಾರದೇ ಹೋದರೆ? ನೋವೇ ಮನೆಯಾಗಿಬಿಟ್ಟರೆ?

ಈ ಪ್ರಶ್ನೆ ನಮ್ಮ ಕವಿತೆಗೂ ತಗಲುತ್ತದೆ. ವೇದಿಕೆಗೆ ಕರೆದರೆ ಹೋಗಿ ಅಜ್ಜಿಯ ಹಸಿವು, ಅಪ್ಪನ ಜೀತ ಓದುತ್ತೇವೆ. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಾರೆ. ಹೊರಗೆ ಬಂದರೆ ಅಜ್ಜಿಯ ಜಮೀನು ಹೋದ ಕಡೆಯೇ ಇದೆ. ಮರುಕ ಹುಟ್ಟಿಸಿ ನಿಲ್ಲುವ ಕವಿತೆ, ಸೊಂಟ ವಾಸಿಯಾಯಿತು ಎಂದು ಹೇಳಿ ಕೂತುಬಿಡುವ ಸಾಕ್ಷಿ, ಎರಡೂ ಒಂದೇ. ಅತ್ತೆ ಕೂರಲಿಲ್ಲ. ಸೊಂಟ ಯಾಕೆ ಬಿತ್ತು ಅಂದ್ರೆ ಎಂದು ಮುಂದುವರಿಸಿದಳು. ನಮ್ಮ ಕಾವ್ಯಮೀಮಾಂಸೆಗೆ ಅವಳ ಆ ಒಂದು "ಯಾಕೆ" ಸಾಕು.

ಆದ್ದರಿಂದ ನಮ್ಮ ನಿಲುವು ಇಷ್ಟು. ಬಲಹೀನತೆಯಲ್ಲಿ ಬಲವಿದೆ ಎಂಬುದು ಬಲಹೀನರು ಆಡಿದಾಗ ನಿಜ, ಬಲವಂತರು ಆಡಿದಾಗ ಮೋಸ. ಒಂಟಿಯಾಗಿ ಆಡಿದರೆ ಅದು ನಿಟ್ಟುಸಿರು, ಒಟ್ಟಾಗಿ ಆಡಿದರೆ ಸಾಕ್ಷಿ. ಮೇಷ್ಟರುಗಳೇ, ನಿಮ್ಮ ಶಾಲೆಯ ಹಿಂದಿನ ಬೆಂಚಿನ ಮಗು ಬಾಯಿ ಬಿಟ್ಟಾಗ ತಾಳಿಕೋ ಅನ್ನಬೇಡಿ. ಯಾಕೆ ಅಂತ ಕೇಳಿ, ಪಕ್ಕದಲ್ಲಿ ನಿಲ್ಲಿ.

ಅತ್ತೆಯ ಅರ್ಜಿಯನ್ನು ನಾವೇ ಬರೆದೆವು. ಅವಳು ಹೇಳಿದಂತೆಯೇ ಬರೆದೆವು, ಒಂದೂ ಅಲಂಕಾರ ಸೇರಿಸಲಿಲ್ಲ. ಮೊದಲ ವಿಚಾರಣೆಯ ದಿನ ಕಚೇರಿಯ ಮುಂದೆ ಅವಳ ಜೊತೆ ಪ್ರಾರ್ಥನೆ ಮನೆಯ ಎಂಟು ಜನ ಹೆಂಗಸರು ಒಂದು ದಿನದ ಕೂಲಿ ಬಿಟ್ಟು ಬಂದು ಕೂತಿದ್ದರು. ಪಾಸ್ಟರು ಬರಲಿಲ್ಲ. ಹೆಸರು ಕೂಗಿದಾಗ ಅತ್ತೆ ಎದ್ದಳು. ಅವಳ ಹಿಂದೆ ಎಂಟು ಜನರೂ ಎದ್ದರು. "ಇಷ್ಟೊಂದು ಜನ ಯಾಕಮ್ಮಾ?" ಅಂದ ಜವಾನ.

"ಸಾಕ್ಷಿ" ಅಂದಳು ಅತ್ತೆ.